ಮೊನ್ನೆ ಎಂದರೆ ಯಾವಾಗ

"ಇನ್ನೊಂದ್ಸಲ ಹಾಕು," ಎಂದೆ.

"ಆಂಟಿ, ಪ್ಲೀಸ್. ಕಲಮಝೂ ಊರು ದಾಟಿದಾಗಿಂದ ಇದನ್ನೇ ಕೇಳ್ತಿದೀವಿ."

"ಹಾಕು ಅಂದ್ನಲ್ಲ."

ಮನಾಲ್ ನಿಟ್ಟುಸಿರು ಬಿಟ್ಟು ಫೋನಿನ ಮೇಲೆ ಬೆರಳಿಟ್ಟಳು. ಕಾರಿನ ಸ್ಪೀಕರಿನಿಂದ ಅವಳದೇ ದನಿ ಹೊರಬಂತು. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತ ಹುಡುಗಿ ಸ್ಪೀಕರಿನಲ್ಲಿ ಮಾತಾಡುತ್ತಿದ್ದರೆ ಬೇರೆಯವರಿಗೆ ಮೈ ಜುಮ್ಮೆನ್ನಬಹುದು. ನನಗೆ ಮಾತ್ರ ಸಿಟ್ಟು ಬರುತ್ತಿತ್ತು. ಅರ್ಥವಾಗದ ವಸ್ತು ಯಾವುದಿದ್ದರೂ ನನಗೆ ಮೊದಲು ಬರುವುದು ಸಿಟ್ಟೇ.

ದನಿ ಸರ್ಕಾರದ ಮುಂದೆ ಇಂಗ್ಲಿಷಿನಲ್ಲಿ ಅಹವಾಲು ಹೇಳುತ್ತಿತ್ತು. ನನ್ನ ಹೆಸರು ಮನಾಲ್, ನಾನು ಮಿಷಿಗನ್ನಿನ ಹುರಾನ್‌ಗೇಟ್ ಕಾಲೇಜಿನಲ್ಲಿ ರೋಗಿಗಳ ರಕ್ತ ತೆಗೆಯುವ ಕೋರ್ಸು ಓದುತ್ತಿದ್ದೇನೆ, ದಯವಿಟ್ಟು ನಮ್ಮ ಕಾಲೇಜಿನ ನೆರವು ನಿಲ್ಲಿಸಬೇಡಿ. ಆಮೇಲೆ ಆ ವಾಕ್ಯ ಬಂತು.

"ಡೇ ಬಿಫೋರ್ ಯೆಸ್ಟರ್‌ಡೇ ಓನ್ಲಿ ಐ ವಾಸ್ ಸ್ಟ್ಯಾಂಡಿಂಗ್ ಇನ್ ದಿ ಲ್ಯಾಬ್. ವಿತ್ ಮೈ ಓನ್ ಹ್ಯಾಂಡ್ಸ್ ಐ ಡಿಡ್ ಇಟ್."

"ನಿಲ್ಸು!"

ನಾನು ಸ್ಟೀರಿಂಗಿನ ಮೇಲೆ ಹೊಡೆದೆ. ಪಕ್ಕದ ಲೇನಿನ ಟ್ರಕ್ಕಿನವನು ತನಗೇ ಬೈದೆನೆಂದುಕೊಂಡು ಹಾರ್ನ್ ಮಾಡಿದ.

"ಈ ಅಹವಾಲು ಸಭೆ ನಡೆದದ್ದು ಯಾವ ವಾರ?"

"ಟ್ಯೂಸ್‌ಡೇ. ಜನವರಿಯಲ್ಲಿ."

"ಮಂಗಳವಾರದ ಎರಡು ದಿನ ಹಿಂದೆ?"

ಮನಾಲ್ ಕಣ್ಣು ಅಗಲಿಸಿದಳು. "ಸಂಡೇ."

"ಭಾನುವಾರ ಲ್ಯಾಬು ತೆರೆದಿತ್ತಾ ಅಂತ ಒಂದು ಪ್ರಶ್ನೆ ಕೇಳಿದ್ರೆ ಸಾಕು. ಈ ಕಾಲೇಜಿನವರ ಸಾಕ್ಷಿ ಮಕಾಡೆ ಬೀಳುತ್ತೆ."

ಕಲಮಝೂದಿಂದ ಇದುವರೆಗೆ ಸುಮ್ಮನೆ ಕಾರು ಓಡಿಸಿದ್ದಕ್ಕೆ ನನ್ನ ಮೇಲೇ ರೇಗಿತು. ಆದರೆ ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿಯೇ ಇಳಿಯಿತು.

ಮನಾಲ್ ನನ್ನ ಕಚೇರಿಗೆ ಬಂದಾಗ ಹೇಳಿದ್ದು ಇಷ್ಟು. ಬೋಲಿಂಗ್‌ಬ್ರೂಕಿನ ಈ ಹುಡುಗಿಗೆ ಶಿಕಾಗೋದ ಒಂದು ಒಳ್ಳೆಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಫೆಡರಲ್ ಸರ್ಕಾರ ಶುಲ್ಕಕ್ಕೆ ಕೊಡುವ ನೆರವಿಲ್ಲದೆ ಆ ಸೀಟು ಅವಳಿಗೆ ಎಟುಕುವುದಿಲ್ಲ. ನೆರವಿನ ಕಚೇರಿಯವರು ಕಂಪ್ಯೂಟರ್ ನೋಡಿ, ನೀನು ಆಗಲೇ ಮಿಷಿಗನ್ನಿನ ಇನ್ನೊಂದು ಕಾಲೇಜಿನಲ್ಲಿ ನೆರವು ಪಡೆಯುತ್ತಿದ್ದೀಯಲ್ಲಮ್ಮ, ಒಬ್ಬರಿಗೆ ಎರಡು ಕಡೆ ಕೊಡುವಂತಿಲ್ಲ ಎಂದರು. ಶುಕ್ರವಾರದೊಳಗೆ ಇದು ಬಗೆಹರಿಯದಿದ್ದರೆ ಸೀಟು ಮುಂದಿನವರಿಗೆ. ಇವತ್ತು ಬುಧವಾರ.

ಮನಾಲ್ ಹುರಾನ್‌ಗೇಟಿನ ಹೆಸರನ್ನೇ ಕೇಳಿರಲಿಲ್ಲ. ಹಾಗೆಂದು ಬರೆದರೆ ಹುರಾನ್‌ಗೇಟಿನವರು ಈ ದನಿಮುದ್ರಿಕೆಯನ್ನು ಕಳಿಸಿದರು. ನಮ್ಮಲ್ಲಿ ಓದಿಲ್ಲ ಎನ್ನುವವರು ನಮ್ಮ ಪರವಾಗಿ ಸರ್ಕಾರದ ಮುಂದೆ ಮಾತಾಡಿದ್ದೇಕೆ ಎಂದು ಒಂದು ಸಾಲಿನ ಮರುಪ್ರಶ್ನೆ ಜೊತೆಗೆ.

ಈ ಅಹವಾಲು ಸಭೆ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಪತ್ತೇದಾರಿಕೆಯ ಲೈಸೆನ್ಸ್ ತೆಗೆದುಕೊಂಡು ವೆಸ್ಟ್‌ಮಂಟಿನ ಹಲ್ಲಿನ ಡಾಕ್ಟರ ಮಹಡಿ ಮೇಲೆ ಬೋರ್ಡು ಹಾಕುವ ಮೊದಲು, ನಾನು ಇಂಥದೇ ಒಂದು ನೆರವಿನ ಕಚೇರಿಯಲ್ಲಿ ತಲೆಕೂದಲು ನರೆಸಿಕೊಂಡವಳು. ಕಾನೂನು ಮಾಡುವುದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸು. ಆ ಕಾನೂನನ್ನು ಹೇಗೆ ನಡೆಸಬೇಕೆಂದು ನಿಯಮ ಬರೆಯುವುದು ಶಿಕ್ಷಣ ಇಲಾಖೆ. ಬರೆಯುವ ಮುಂಚೆ ಊರವರ ಮಾತು ಕೇಳಬೇಕು. ಯಾರು ಬೇಕಾದರೂ ಹೆಸರು ಕೊಟ್ಟು ಫೋನಿನಲ್ಲೇ ಮೂರು ನಿಮಿಷ ಮಾತಾಡಬಹುದು. ಹೆಚ್ಚಿನವರು ಓದುವುದನ್ನು ಕೇಳಿದರೆ ಎಂಥವರಿಗೂ ಆಕಳಿಕೆ ಬರುತ್ತದೆ.

ಆದರೆ ಈ ಸಲದ ಕರಡು ನಿಯಮ ಹಲವು ಕಾಲೇಜುಗಳ ನಿದ್ದೆ ಕೆಡಿಸಿತ್ತು. ಓದಿ ಹೊರಬಂದವರಿಗೆ ತಕ್ಕ ಕೆಲಸ ಸಿಗದ ಕೋರ್ಸುಗಳಿಗೆ ಫೆಡರಲ್ ನೆರವು ಬಂದ್. ನೆರವು ನಿಂತರೆ ಹುರಾನ್‌ಗೇಟಿನಂಥವು ಬಾಗಿಲು ಹಾಕಬೇಕು. ಹಾಗಾಗಿ 'ನಮ್ಮ ಕಾಲೇಜು ಚಿನ್ನದಂಥದ್ದು' ಎಂದು ಹೇಳುವ ದನಿಗಳು ಅವರಿಗೆ ಬೇಕಾಗಿದ್ದವು. ಇಲ್ಲದ ದನಿಯನ್ನು ಯಂತ್ರದಿಂದ ಹುಟ್ಟಿಸುವುದು ಈಗ ಮಕ್ಕಳಾಟ. ಮನಾಲ್ ಇನ್‌ಸ್ಟಾಗ್ರಾಮಿನಲ್ಲಿ ಮೇಕಪ್ಪಿನ ಬಗ್ಗೆ ವಟಗುಟ್ಟಿದ ವಿಡಿಯೋಗಳಿದ್ದವು. ಯಂತ್ರಕ್ಕೆ ಅಷ್ಟು ಸಾಕು. ಇದು ನನ್ನ ಲೆಕ್ಕಾಚಾರ.

"ದಿ ಅದರ್ ಡೇ ಎಜುಕೇಶನ್ ಡಿಪಾರ್ಟ್‌ಮೆಂಟಿನ ಆ ಇನ್ವೆಸ್ಟಿಗೇಟರ್ ಲೇಡಿ ಫೋನ್ ಮಾಡಿದ್ಲು, ಹೇಳಿದ್ನಲ್ಲ," ಎಂದಳು ಮನಾಲ್. "ಈ ವೀಕ್ ಎನಿ ಡೇ ಮನೆಗೆ ಬಂದು ನನ್ನ ಸ್ಟೇಟ್‌ಮೆಂಟ್ ತಗೋತಾರಂತೆ. ನಾನಿಲ್ದಾಗ ಬಂದ್ರೆ?"

"ಬಂದ್ರೆ ನಿಮ್ಮಮ್ಮ ಫೋನ್ ಮಾಡ್ತಾರೆ. ಒಂದು ಮಾತು ನೆನಪಿಟ್ಕೋ. ಅವರ ಮುಂದೆ ನಿಜ ಹೇಳು, ಇಲ್ಲ ಬಾಯಿ ಮುಚ್ಕೊಂಡಿರು. ಫೆಡರಲ್ ಅಧಿಕಾರಿ ಮುಂದೆ ಸುಳ್ಳು ಹೇಳೋದೇ ಒಂದು ದೊಡ್ಡ ಅಪರಾಧ ಈ ದೇಶದಲ್ಲಿ."

"ಗೊತ್ತು ಆಂಟಿ. ಅದಕ್ಕೇ ಅಬ್ಬು ಟೆನ್ಷನ್ ಮಾಡ್ಕೋತಿದಾರೆ. ನೆಕ್ಸ್ಟ್ ಮಂತ್ ಅವರ ಗ್ರೀನ್ ಕಾರ್ಡ್ ಇಂಟರ್‌ವ್ಯೂ. ಅಬ್ಬು, ಅಮ್ಮಿ ಇಬ್ಬರದೂ."

ಅವಳ ಅಪ್ಪ ಇಸ್ಹಾಕ್ ವಿಜಯಪುರದವರು, ವೇರ್‌ಹೌಸುಗಳ ಯಂತ್ರ ನೋಡಿಕೊಳ್ಳುವ ಎಂಜಿನಿಯರು. ಮನಾಲ್ ಹುಟ್ಟಿದ್ದು ಇಲ್ಲೇ. ನಡುವೆ ಕೆಲವು ವರ್ಷ ಇಡೀ ಸಂಸಾರ ವಿಜಯಪುರಕ್ಕೆ ಹೋಗಿದ್ದು ಮತ್ತೆ ಬಂತು. ಹೀಗಾಗಿ ಮಗಳು ಅಮೆರಿಕನ್, ಅಪ್ಪ ಅಮ್ಮ ಇನ್ನೂ ಸರದಿಯ ಸಾಲಿನಲ್ಲಿ. ಆ ಸಾಲು ಎಷ್ಟು ನಿಧಾನವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

"ಹೋಳಿಗಿ ತಿಂತೀರೇನ್ ಆಂಟಿ? ಅಮ್ಮಿ ಮಾಡ್ಯಾಳ." ಹೋಳಿಗೆ ಬಂದ ಕೂಡಲೇ ಹುಡುಗಿಯ ಬಾಯಲ್ಲಿ ವಿಜಯಪುರವೂ ಬಂತು. ಹಿಂದಿನ ಸೀಟಿನ ಸ್ಟೀಲ್ ಡಬ್ಬಿಯಲ್ಲಿ ಅವಳ ಅಮ್ಮ ದಿಲ್‌ಶಾದ್ ಬೆಳಿಗ್ಗೆ ತುಂಬಿಕೊಟ್ಟ ಶೇಂಗಾ ಹೋಳಿಗೆ ಇದ್ದವು.

ಆ ಡಬ್ಬಿಗಾಗಿ ನಾನು ಡ್ರೈವ್‌ವೇಯಲ್ಲಿ ಕಾಯಬೇಕಾಗಿ ಬಂದದ್ದು ಇನ್ನೂ ಮರೆತಿರಲಿಲ್ಲ. ಹೊರಡುವ ಮೊದಲು ಅವರ ಮನೆಗೆ ಫೋನ್ ಮಾಡಿ, ಹಲೋ ಎಂದ ಕೂಡಲೇ, "ಇನ್ನೂ ರೆಡಿ ಆಗಿಲ್ವೇನೇ? ಸೋಮಾರಿ, ಬಾ ಬೇಗ ಹೊರಗೆ," ಎಂದು ಗದರಿದ್ದೆ. ಆ ಕಡೆ ನಗು. "ನಾನ್ರೀ, ದಿಲ್‌ಶಾದ್. ಆಕಿ ಜಳಕಕ್ಕ ಹೋಗ್ಯಾಳ್ರೀ." ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿದ್ದಾಯಿತು.

"ಈಗ ಬೇಡ. ಕೈ ಜಿಡ್ಡಾಗುತ್ತೆ," ಎಂದೆ. "ರಸ್ತೆ ನೋಡು. ಎಕ್ಸಿಟ್ ತಪ್ಪಿಸ್ಬೇಡ."

"ಅಮ್ಮಿ ಇದ್ದಿದ್ರೆ ಮ್ಯಾಪೇ ಬೇಕಿರ್ಲಿಲ್ಲ. ಲಾಸ್ಟ್ ಇಯರ್ ಫುಲ್ ವೀಕೆಂಡ್ ವೀಕೆಂಡ್ ಇದೇ ರೂಟಲ್ಲಿ ಓಡಾಡಿದಾಳೆ. ಖಾಲಾ, ಅಂದ್ರೆ ಅಮ್ಮಿ ತಂಗಿ ಮನೆ ಇಲ್ಲೇ ಮುಂದೆ ಕ್ಯಾಂಟನ್‌ನಲ್ಲಿ ಇದೆಯಲ್ಲ."

ನಾನು ಹೂಂ ಎಂದೆ. ಆಗ ನನ್ನ ತಲೆ ತುಂಬ ಭಾನುವಾರವೇ ಇತ್ತು.

ಮಿಷಿಗನ್ನಿಗೆ ಕಾಲಿಟ್ಟ ಕೂಡಲೇ ಗಡಿಯಾರದಿಂದ ಒಂದು ಗಂಟೆ ಕಿತ್ತುಕೊಳ್ಳುತ್ತಾರೆ. ರಾಚೆಸ್ಟರ್ ಹಿಲ್ಸ್ ತಲುಪುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಕಾರಿನ ಬಿಡಿಭಾಗಗಳ ಕಂಪನಿಗಳ ನಡುವೆ, ಮಾರ್ಚಿನ ಕೊಳಕು ಹಿಮದ ರಾಶಿಯ ಹಿಂದೆ, ಒಂದೇ ಮಹಡಿಯ ಗಾಜಿನ ಕಟ್ಟಡ. ಬಾಗಿಲ ಮೇಲೆ ಕೆಲಸದ ವೇಳೆ ಬರೆದಿತ್ತು. ಕೊನೆಯ ಸಾಲನ್ನು ಓದಿ ನಾನು ಕುಣಿಯುವುದೊಂದು ಬಾಕಿ. ಭಾನುವಾರ ರಜೆ.

"ನೀನು ಕಾರಲ್ಲೇ ಇರು. ನಿನ್ನ ಮುಖ ಅವರು ಮೊದಲು ಫೋಟೋದಲ್ಲಿ ನೋಡಲಿ," ಎಂದು ಮನಾಲಳಿಗೆ ಹೇಳಿ ಒಳಗೆ ಹೋದೆ.

ಪ್ರವೇಶ ವಿಭಾಗದ ಮುಖ್ಯಸ್ಥ ಕೋಣೆಯಿಂದ ತಾನೇ ಹೊರಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಕಾರ್ಡು. ಕಾರ್ಡಿನಲ್ಲಿ ಹೃಷೀಕೇಶ ಎಂಬ ಹೆಸರು ನೋಡಿ ಕನ್ನಡದಲ್ಲೇ ನಮಸ್ಕಾರ ಎಂದೆ.

"ಅರೆ, ಕನ್ನಡದವ್ರಾ! ಬನ್ನಿ ಮೇಡಂ, ಕೂತ್ಕೊಳ್ಳಿ. ಮಕ್ಕಳಿಗಾ, ನಿಮಗಾ? ಕಲಿಯೋಕೆ ವಯಸ್ಸಿಲ್ಲ."

"ವಿನಿತಾ ಅಂತ. ವೆಸ್ಟ್‌ಮಂಟ್‌ನಲ್ಲಿ ಪತ್ತೇದಾರಿಕೆ ಮಾಡ್ತೀನಿ."

ಬಾಯಿಯ ನಗು ಹಾಗೇ ಇತ್ತು. ಕಣ್ಣಿನದು ಹೋಯಿತು.

"ಮನಾಲ್ ವಿಷಯ ತಾನೆ?"

"ನಾನಿನ್ನೂ ಹೆಸರೇ ಹೇಳಿಲ್ಲ."

"ಶಿಕಾಗೋ ಕಡೆಯಿಂದ ಬಂದಿರೋ ಕಂಪ್ಲೇಂಟ್ ಅದೊಂದೇ ಮೇಡಂ." ಅವನು ಎದ್ದು ಬಾಗಿಲು ಮುಚ್ಚಿದ. "ಕಾಫಿ?"

"ಬೇಡ. ಭಾನುವಾರ ನಿಮ್ಮ ಲ್ಯಾಬು ತೆರೆದಿರುತ್ತಾ?"

"ಇಲ್ಲ."

"ಯಾರೋ ಬೀಗದಕೈ ಇಸ್ಕೊಂಡು, ಪ್ರಾಕ್ಟೀಸ್ ಅಂತ..."

"ಛಾನ್ಸೇ ಇಲ್ಲ. ಸೂಜಿಗಳಿರೋ ಜಾಗ ಮೇಡಂ. ಯಾವ ಭಾನುವಾರಾನೂ ಇಲ್ಲ."

ಮಂಗ ತಾನಾಗಿ ಬೋನಿಗೆ ಬಿತ್ತು ಎಂದುಕೊಂಡೆ. ಫೋನು ತೆಗೆದು ಮೇಜಿನ ಮೇಲಿಟ್ಟು ದನಿಮುದ್ರಿಕೆ ಹಾಕಿದೆ. ಆ ವಾಕ್ಯ ಮುಗಿಯುವವರೆಗೂ ಅವನ ಮುಖವನ್ನೇ ನೋಡಿದೆ. ಅವನು ಫೋನು ನೋಡಲಿಲ್ಲ. ತನ್ನ ಎಡಗೈಯನ್ನು ನೋಡಿಕೊಳ್ಳುತ್ತಿದ್ದ.

"ಮಂಗಳವಾರ ಮಾತಾಡಿದ್ದು. ಅದಕ್ಕೆ ಎರಡು ದಿನ ಹಿಂದೆ ಭಾನುವಾರ. ಲ್ಯಾಬು ಮುಚ್ಚಿದ ದಿನ ನಿಮ್ಮ ವಿದ್ಯಾರ್ಥಿನಿ ಲ್ಯಾಬಲ್ಲಿ ಹೇಗೆ ನಿಂತಿದ್ಲು?"

"ದಿನ ತಪ್ಪು ಹೇಳಿರ್ಬೋದು."

"ತಪ್ಪಲ್ಲ, ಸುಳ್ಳು. ಯಂತ್ರದ ಬಾಯಿಗೆ ಮಾತು ಬರೆದುಕೊಟ್ಟೋರು ಕ್ಯಾಲೆಂಡರ್ ನೋಡೋದು ಮರೆತ್ರು. ಬರೆದದ್ದು ನೀವೇ ಅಂತ ನನ್ನ ಅನುಮಾನ."

"ಯಂತ್ರ?"

ಅವನು ನಕ್ಕ. ಸುಳ್ಳು ನಗುವನ್ನು ನಾನು ಸಾಕಷ್ಟು ನೋಡಿದ್ದೇನೆ, ಇದು ಅದಲ್ಲ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಹೃಷೀಕೇಶ ಅಂಗಿಯ ತೋಳು ಮಡಚಿದ. "ಇದು ನೋಡಿ ಮೇಡಂ. ನನ್ನ ಕೈಯಲ್ಲಿ ನರ ಸಿಗಲ್ಲ. ಆಸ್ಪತ್ರೆಯಲ್ಲೂ ಮೂರು ನಾಲ್ಕು ಕಡೆ ಚುಚ್ಚಿ ಸಾಕಾಗಿ ಬಿಡ್ತಾರೆ. ಪ್ರಾಕ್ಟೀಸಿಗೆ ಯಾರೂ ಕೈ ಕೊಡದಿದ್ದಾಗ ನಾನೇ ಕೊಟ್ಟೆ. ಈ ಮಾತಾಡಿದವ್ರು ಒಂದೇ ಸಲಕ್ಕೆ ತೆಗೆದ್ರು. ನೋವೇ ಆಗ್ಲಿಲ್ಲ. ಯಂತ್ರ ಬಂದು ನನ್ನ ರಕ್ತ ತೆಗೀತಾ?"

"ಅಂದ್ರೆ ಒಬ್ಬ ಹೆಂಗಸು ನಿಜವಾಗಿ ಬಂದಿದ್ಲು?"

"ವರ್ಷ ಪೂರ್ತಿ ಬಂದ್ರು. ಪಾಠ ಆನ್‌ಲೈನ್, ಲ್ಯಾಬಿಗೆ ಮಾತ್ರ ಶನಿವಾರ ಶನಿವಾರ ಇಲ್ಲಿಗೆ. ಮಳೆ, ಹಿಮ, ಒಂದಿನ ತಪ್ಪಿಸ್ಲಿಲ್ಲ. ಲ್ಯಾಬ್ ಮುಗಿದ ದಿನ ಬ್ಯಾಚಿಗೆಲ್ಲ ಶೇಂಗಾ ಹೋಳಿಗೆ ಮಾಡ್ಕೊಂಡು ಬಂದಿದ್ರು. ಈ ರೂಮಲ್ಲೇ ಕೂತು ಅತ್ರು. ಖುಷಿಗೆ."

ಹೋಳಿಗೆ ಎಂದಾಗ ನನ್ನೊಳಗೆ ಏನೋ ಚುಳ್ಳೆಂದಿತು. ಆದರೆ ಭಾನುವಾರವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಫೋನಿನಲ್ಲಿ ಮನಾಲಳ ಫೋಟೋ ತೆಗೆದು ಅವನ ಮುಂದೆ ಹಿಡಿದೆ.

"ಇವಳೇನಾ?"

ಅವನು ಒಂದು ಕ್ಷಣ ನೋಡಿದ. ಫೋನನ್ನು ಮೆಲ್ಲನೆ ಮಗುಚಿ ನನ್ನ ಕಡೆ ತಳ್ಳಿದ.

"ಇದನ್ನ ಇಲ್ಲಿಗೇ ಬಿಡಿ ಮೇಡಂ."

"ಇವಳಲ್ಲ ಅಂತಾಯ್ತು."

"ನಾನು ಹಾಗಂದ್ನಾ?"

"ಹೌದು ಅಂತಾನೂ ಅನ್ಲಿಲ್ಲ. ಬೇರೆಯವಳನ್ನ ಈ ಹುಡುಗಿ ಹೆಸರಲ್ಲಿ ಸೇರಿಸ್ಕೊಂಡು ಸರ್ಕಾರದ ನೆರವು ಎತ್ತಿದೀರಿ. ಯಾರವಳು?"

"ನೀವು ಗೆದ್ರೆ ಆ ಹುಡುಗಿ ಸೋಲ್ತಾಳೆ."

"ಬೆದರಿಸ್ತಿದೀರಾ?"

"ಇಲ್ಲ ಮೇಡಂ, ಬೇಡ್ಕೋತಿದೀನಿ." ಮೊದಲ ಸಲ ಅವನ ದನಿ ಸಣ್ಣದಾಯಿತು. "ಎಲ್ರೂ ನಮ್ಮನ್ನ ಕಳ್ಳರು ಅಂತೀರಿ. ಹೊಸ ರೂಲ್ ಬಂದು ಬಾಗಿಲು ಹಾಕಲಿ ಅಂತೀರಿ. ಮೊನ್ನೆ ಒಬ್ರು ರಿಪೋರ್ಟರ್ ಬಂದಿದ್ರು, ಅವರಿಗೂ ಇದನ್ನೇ ಹೇಳ್ದೆ. ಬಾಗಿಲು ಹಾಕೋ ಮುಂಚೆ ಒಳಗೆ ಯಾರಿದಾರೆ ಅಂತ ನೋಡಿ ಅಂತ."

ನನ್ನ ಕಿವಿ ನೆಟ್ಟಗಾಯಿತು. ಈ ಜಾಡಿನಲ್ಲಿ ಇನ್ನೊಬ್ಬರು ಓಡಾಡುತ್ತಿದ್ದಾರೆಯೇ?

"ಯಾವ ರಿಪೋರ್ಟರ್? ಸೋಮವಾರ ಬಂದಿದ್ರಾ?"

"ಸೋಮವಾರ?" ಅವನು ಗೊಂದಲದಿಂದ ನೋಡಿದ. "ಅಲ್ಲ ಮೇಡಂ. ಮೊನ್ನೆ ಅಂದ್ರೆ... ಥ್ಯಾಂಕ್ಸ್‌ಗಿವಿಂಗ್ ಹೊತ್ತಲ್ಲಿ."

ನಾನು ಕಿಟಕಿಯ ಚೌಕಟ್ಟು ಹಿಡಿದುಕೊಂಡೆ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗಿ ನಾಲ್ಕು ತಿಂಗಳು. ಅವನಿಗೆ ಅದು ಮೊನ್ನೆ. ಅದರಲ್ಲಿ ತಪ್ಪೇನಿದೆ? ನಮ್ಮ ಮೈಸೂರಿನ ಮನೆಯಲ್ಲಿ ಅಮ್ಮ, ಕಾಲೇಜಿಗೆ ಹೋಗುವ ಹುಡುಗನನ್ನು ತೋರಿಸಿ 'ಮೊನ್ನೆ ಮೊನ್ನೆ ಹುಟ್ಟಿದ್ದು' ಎನ್ನುತ್ತಿದ್ದಳು. ಯಾರೂ ಬೆರಳು ಮಡಚಿ ಎಣಿಸಲು ಹೋಗುತ್ತಿರಲಿಲ್ಲ. ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನವೂ ಹೌದು, ಮನಸ್ಸಿನಲ್ಲಿ ಇನ್ನೂ ಆರದ ಯಾವುದೇ ದಿನವೂ ಹೌದು.

ಇಷ್ಟು ವರ್ಷ ಇಲ್ಲಿದ್ದು, ಅಪ್ಪಟ ಮೈಸೂರಿನವಳಾದ ನಾನು ಆ ವಾಕ್ಯವನ್ನು ಅಮೆರಿಕದವರ ಹಾಗೆ ಎಣಿಸಿಕೊಂಡು ಕೂತಿದ್ದೆ. ನಾಚಿಕೆಯಾಯಿತು.

"ಲ್ಯಾಬ್ ಮುಗಿದದ್ದು ಯಾವಾಗ?" ಎಂದೆ.

"ನವೆಂಬರಲ್ಲಿ. ಆನ್‌ಲೈನ್ ಪಾಠ ಇನ್ನೂ ನಡೀತಿದೆ."

ಜನವರಿಯಲ್ಲಿ ಮಾತಾಡಿದ ಆ ದನಿ ಸುಳ್ಳು ಹೇಳಿರಲಿಲ್ಲ. ಮೊನ್ನೆ ತಾನೆ ಲ್ಯಾಬಿನಲ್ಲಿ ನಿಂತಿದ್ದೆ, ನನ್ನ ಕೈಯಾರೆ ಮಾಡಿದೆ ಎಂದು ಹೇಳಿತ್ತು. ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಹೇಳಿತ್ತು. ಇದು ಯಂತ್ರದ ಮಾತಲ್ಲ. ಮನಾಲಳ ಮಾತೂ ಅಲ್ಲ. ಮನಾಲ್ ಆಗಿದ್ದರೆ 'ದಿ ಅದರ್ ಡೇ' ಎನ್ನುತ್ತಿದ್ದಳು, ಬೆಳಿಗ್ಗೆಯಿಂದ ಹಾಗೇ ಹೇಳುತ್ತಿದ್ದಾಳೆ.

ಹೃಷೀಕೇಶ ಏನೋ ಹೇಳುತ್ತಿದ್ದ. ನಾನು ಬಾಗಿಲು ತೆಗೆದು ಹೊರಟೇಬಿಟ್ಟೆ. ಹಿಂದೆ ಅವನು ಅವಸರದಲ್ಲಿ ಫೋನು ಕೈಗೆತ್ತಿಕೊಂಡದ್ದು ಗಾಜಿನಲ್ಲಿ ಕಾಣಿಸಿತು.

ಹೊರಗೆ ಗಾಳಿ ಕೆನ್ನೆ ಕತ್ತರಿಸುವಂತಿತ್ತು. ಕಾರಿನೊಳಗೆ ಮನಾಲ್ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಹೋಳಿಗೆ ತಿನ್ನುತ್ತಿದ್ದಳು. ತುಟಿಯ ತುದಿಯಲ್ಲಿ ಶೇಂಗಾದ ಪುಡಿ. ಏನೂ ಅರಿಯದ ಮುಖ ಅದು.

"ಸಿಕ್ಕಿಬಿದ್ನಾ ಆಂಟಿ? ಸಂಡೇ ಕ್ಲೋಸ್ಡ್ ಅಂದ್ನಾ?"

"ಮನಾಲ್, ನಿನಗೆ ಹೋಳಿಗೆ ಮಾಡೋಕೆ ಬರುತ್ತಾ?"

"ನಂಗಾ? ಆಂಟಿ, ಐ ಬರ್ನ್ ಟೋಸ್ಟ್." ನಕ್ಕಳು. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದಳು. "ಯಾಕೆ?"

ನಾನು ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದೆ, ಕೈ ಬೆಚ್ಚಗಾಗಲೆಂದು. ತಲೆಯಲ್ಲಿ ಒಂದೊಂದೇ ಸೇರಿಕೊಳ್ಳುತ್ತಿತ್ತು. ಹೋದ ವರ್ಷವೆಲ್ಲ ಕ್ಯಾಂಟನ್ನಿನ ತಂಗಿಯ ಮನೆ. ಗ್ರೀನ್ ಕಾರ್ಡ್ ಇಲ್ಲದವರಿಗೆ ಫೆಡರಲ್ ನೆರವು ಇಲ್ಲ, ಅದನ್ನು ನಾನೇ ಎಷ್ಟೋ ಜನರಿಗೆ ಕೌಂಟರಿನ ಈಚೆಯಿಂದ ಹೇಳಿ ಕಳಿಸಿದ್ದೇನೆ. ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ ಸಿಗುತ್ತದೆ. ಇವೆಲ್ಲ ಇರಲಿ. ಇವತ್ತು ಬೆಳಿಗ್ಗೆ ಫೋನಿನಲ್ಲಿ ಹಲೋ ಎಂದವರನ್ನು ನಾನು ಯಾರೆಂದುಕೊಂಡು ಗದರಿದ್ದೆ?

ಫೋನು ರಿಂಗಾಯಿತು. ಕಾರಿನ ಪರದೆಯ ಮೇಲೆ ದಿಲ್‌ಶಾದ್ ಎಂದು ಮೂಡಿತು. ನಾನು ಫೋನು ಹಿಡಿದು ಹೊರಗೆ ಹೋಗಬೇಕೆಂದು ಬಾಗಿಲ ಹಿಡಿಗೆ ಕೈ ಹಾಕುವಷ್ಟರಲ್ಲಿ, ಮನಾಲ್ ಸಹಜವಾಗಿ ಪರದೆ ಒತ್ತಿಬಿಟ್ಟಿದ್ದಳು.

"ವಿನಿತಾ ಅವರs, ಮನಾಲ್ ಬಾಜೂಕ ಅದಾಳೇನ್ರಿ?"

ಆ ದನಿ ಕಾರಿನ ತುಂಬ ಹರಡಿತು. ಬೆಳಿಗ್ಗೆಯಿಂದ ಹತ್ತಾರು ಸಲ ಕೇಳಿದ ಅದೇ ದನಿ, ಅದೇ ಸ್ಪೀಕರಿನಿಂದ. ಮನಾಲ್ ಉತ್ತರಿಸಲು ಬಾಯಿ ತೆರೆದವಳು ಹಾಗೇ ತಡೆದಳು. ಸ್ಪೀಕರನ್ನು ನೋಡಿದಳು. ಕೈಯಲ್ಲಿದ್ದ ಹೋಳಿಗೆಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಇಲ್ಲ ಎಂಬಂತೆ ತಲೆಯಾಡಿಸಿದಳು.

ಅದು ಬೇಡಿಕೆಯೋ ಅಪ್ಪಣೆಯೋ ತಿಳಿಯಲಿಲ್ಲ. "ಇಲ್ಲ," ಎಂದೆ. "ಒಳಗಿದಾಳೆ."

"ಹೃಷೀಕೇಶ ಈಗ ಫೋನ್ ಮಾಡಿದ್ದ್ರೀ. ನಿಮಗ ತಿಳದೈತಿ ಅಂದ."

"ದಿಲ್‌ಶಾದ್ ಅವ್ರೇ, ಫೋನಿಡಿ. ನಾನು ಆಮೇಲೆ..."

"ಇಲ್ಲ, ಹೇಳತೀನ್ರಿ. ಹೇಳದಿದ್ರ ಉಸಿರು ಕಟ್ಟತೈತಿ. ಊರಾಗ ಡಿಗ್ರಿ ನಡುವ ಬಿಡಿಸಿ ಮದುವಿ ಮಾಡಿದ್ರು. ಇಲ್ಲಿ ಬಂದು ಕಲೀಬೇಕಂದ್ರ ನನ್ನ ಹೆಸರಿಗೆ ನೆರವು ಕೊಡಂಗಿಲ್ಲಲ್ರೀ. ಮಗಳ ಹೆಸರು ಹಾಕ್ರಿ, ಕ್ಲಾಸಿಗೆ ನೀವು ಬರ್ರಿ, ಯಾರೂ ಕೇಳಂಗಿಲ್ಲ ಅಂದ ಅವಾ. ನಾ ಕಲೀಬೇಕಿತ್ತು, ಅಷ್ಟs. ಆ ಕಾಲೇಜು ಮುಚ್ಚತಾರ ಅಂದಾಗ ಮೂರು ನಿಮಿಷ ಮಾತಾಡಿದ್ನಿ. ಅದೂ ಆಕಿ ಹೆಸರಲೇ."

ಮನಾಲಳ ಕಣ್ಣಲ್ಲಿ ನೀರು ತುಂಬಿತ್ತು, ದವಡೆ ಮಾತ್ರ ಬಿಗಿದಿತ್ತು. ಸಿಟ್ಟೋ ದುಃಖವೋ, ಅವಳಿಗೇ ಗೊತ್ತಿರಲಿಕ್ಕಿಲ್ಲ.

"ಆಕಿ ಸೀಟಿಗೆ ಕುತ್ತು ಬರತೈತಿ ಅಂತ ಗೊತ್ತಿದ್ರ ನನ್ನ ಕೈ ನಾನs ಕಡಕೋತಿದ್ನಿ, ಖರೆ. ನೀವು ಹೇಳ್ರಿ, ನಾ ಏನು ಮಾಡಿದ್ರ ಆಕಿ ಸೀಟು ಉಳೀತೈತಿ?"

ನನ್ನ ಬಳಿ ಉತ್ತರವಿತ್ತು, ಅದೇ ಕಷ್ಟ. ಓದಿದ್ದು ನಾನು, ನನ್ನ ಮಗಳಲ್ಲ ಎಂದು ತಾಯಿ ತಪ್ಪೊಪ್ಪಿಕೊಂಡರೆ ಮಗಳ ಸೀಟು ಉಳಿಯುತ್ತದೆ. ಮುಂದಿನ ತಿಂಗಳ ಇಂಟರ್‌ವ್ಯೂ ಅಲ್ಲಿಗೆ ಮುಗಿಯಿತು, ಬಹುಶಃ ಈ ದೇಶವೂ. ತಾಯಿ ಬಾಯಿ ಬಿಡದಿದ್ದರೆ ಶುಕ್ರವಾರ ಸೀಟು ಹೋಗುತ್ತದೆ. ಇದನ್ನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಯಿಗೆ ಹೇಗೆ ಹೇಳಲಿ?

ಸ್ಪೀಕರಿನಲ್ಲಿ ಕಾಲಿಂಗ್ ಬೆಲ್ ಕೇಳಿಸಿತು.

"ಬಾಗಲದಾಗ ಯಾರೋ ಬಂದಾರ್ರೀ," ಎಂದರು ದಿಲ್‌ಶಾದ್. ಹೆಜ್ಜೆಯ ಸದ್ದು. ಆಮೇಲೆ ಪಿಸುಮಾತು. "ಇಬ್ಬರು ಅದಾರ. ಕೊರಳಾಗ ಕಾರ್ಡ್ ಹಾಕ್ಕೊಂಡಾರ."

ನಾನು ದನಿ ಏರಿಸಿದೆ. "ತೆಗೀಬೇಡಿ. ತೆಗೆದ್ರೂ ಒಂದೇ ಮಾತು. ಮನಾಲ್ ಮನೇಲಿಲ್ಲ, ಆಮೇಲೆ ಬನ್ನಿ. ಬೇರೆ ಒಂದಕ್ಷರ ಆಡಬೇಡಿ. ಕೇಳಿಸ್ತಾ?"

"ಆಕಿ ಸೀಟು ಹೋಗಬಾರದ್ರೀ. ಅವರಿಗೆ ಬೇಕಾದ್ದು ಆಕಿ ಹೇಳಿಕಿ ಅಷ್ಟs ಅಲ್ರೀ, ನಾ ನೋಡಿಕೋತೀನಿ."

"ದಿಲ್‌ಶಾದ್ ಅವ್ರೇ!"

ಫೋನನ್ನು ಎಲ್ಲೋ ಇಟ್ಟ ಸದ್ದು. ಕರೆ ಕಡಿದಿರಲಿಲ್ಲ. ಚಿಲಕ ಸರಿಯಿತು. ಬೋಲಿಂಗ್‌ಬ್ರೂಕಿನ ಆ ಬಾಗಿಲು ತೆರೆದದ್ದು ರಾಚೆಸ್ಟರ್ ಹಿಲ್ಸಿನ ನನ್ನ ಕಾರಿನೊಳಗೆ ಸ್ಪಷ್ಟವಾಗಿ ಕೇಳಿಸಿತು.

"ಗುಡ್ ಆಫ್ಟರ್‌ನೂನ್, ಮ್ಯಾಮ್," ಎಂದಿತು ಒಂದು ಹೆಂಗಸಿನ ದನಿ. ತಾವು ಶಿಕ್ಷಣ ಇಲಾಖೆಯ ತನಿಖಾ ವಿಭಾಗದವರು, ಒಂದು ದೂರಿನ ಬಗ್ಗೆ ಮಾತಾಡಬೇಕಿತ್ತು ಎಂದು ಹೇಳಿತು. ಆಮೇಲೆ ಕೇಳಿತು. "ಆರ್ ಯೂ ಮನಾಲ್?"

"ಅಮ್ಮಿ, ನೋ," ಎಂದು ಮನಾಲ್ ಸ್ಪೀಕರಿನ ಕಡೆ ಬಾಗಿದಳು. ಡಬ್ಬಿ ಉರುಳಿ ಕಾಲಬುಡಕ್ಕೆ ಬಿತ್ತು. "ಅಮ್ಮಿ, ಬ್ಯಾಡ!"

ಆ ಮನೆಯ ಹಜಾರದಲ್ಲಿ ನಮ್ಮ ಕೂಗು ಯಾರಿಗೂ ಕೇಳಿಸಲಿಲ್ಲ.

"ಯೆಸ್," ಎಂದಿತು ಮನಾಲಳ ದನಿ. "ಐ ಆ್ಯಮ್ ಮನಾಲ್. ಪ್ಲೀಸ್ ಕಮ್ ಇನ್."